ಸಸ್ಯದೆಣ್ಣೆಯ ಫೋಮ್: ಹಸಿರಿನ ಪಾಲು ಮತ್ತು ಮೂಲ

ಸಸ್ಯದೆಣ್ಣೆಯಿಂದ ಪಾಲಿಯೂರೆಥೇನ್ ಫೋಮ್ ಮತ್ತು ಪ್ಲಾಸ್ಟಿಕ್ ತಯಾರಿಸುವ ಪ್ರಯತ್ನಗಳಿಗೆ ಬೆಲೆ ಕಟ್ಟುವಾಗ, ಸಿದ್ಧವಸ್ತುವಿನಲ್ಲಿ ಗಿಡದ ಪಾಲು ನಿಜಕ್ಕೂ ಎಷ್ಟು ಎಂಬುದನ್ನೂ ಆ ಎಣ್ಣೆ ಯಾವ ಮರದಿಂದ, ಯಾರ ದುಡಿಮೆಯಿಂದ ಬಂದಿತೆಂಬುದನ್ನೂ ಒಟ್ಟಿಗೇ ಕೇಳಬೇಕಾಗುತ್ತದೆ. ಮೊದಲನೆಯ ಪ್ರಶ್ನೆಗೆ ರಸಾಯನಶಾಸ್ತ್ರ ಉತ್ತರಿಸುತ್ತದೆ. ಎರಡನೆಯದಕ್ಕೆ ಉತ್ತರ ಹುಡುಕಲು ಕರ್ನಾಟಕದ ಕಾಳಿ ನದಿಯ ಕಣಿವೆ ಮತ್ತು ಕರಾವಳಿಯ ಚರಿತ್ರೆಯನ್ನು ನೋಡಬೇಕು.

ಹಾಸಿಗೆ, ವಾಹನಗಳ ಸೀಟು, ಫ್ರಿಜ್ಜಿನ ಗೋಡೆಯೊಳಗಿನ ಶಾಖನಿರೋಧಕ ಪದರ ಮೊದಲಾದೆಡೆ ಬಳಕೆಯಾಗುವ ಪಾಲಿಯೂರೆಥೇನನ್ನು 1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ಮತ್ತು ಸಂಗಡಿಗರು ರೂಪಿಸಿದರು. ಪಾಲಿಯೋಲ್ ಎಂಬ, ಅಂದರೆ ಹಲವು ಹೈಡ್ರಾಕ್ಸಿಲ್ ಗುಂಪುಗಳನ್ನು ಹೊತ್ತ ಅಣುಗಳ ದ್ರವವನ್ನು ಐಸೊಸಯನೇಟ್ ಎಂಬ ಚುರುಕಾದ ಇನ್ನೊಂದು ದ್ರವದೊಡನೆ ಬೆರೆಸಿದಾಗ ಅಣುಗಳು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಮಿಶ್ರಣದಲ್ಲಿ ನೀರಿದ್ದರೆ ಅದು ಐಸೊಸಯನೇಟಿನೊಡನೆ ಕೂಡಿ ಇಂಗಾಲದ ಡೈಆಕ್ಸೈಡನ್ನು ಬಿಡುವುದರಿಂದ ಇಡೀ ರಾಶಿ ಉಬ್ಬಿ ಫೋಮ್ ಆಗುತ್ತದೆ. ಸಸ್ಯದೆಣ್ಣೆ ಪ್ರವೇಶಿಸುವುದು ಪಾಲಿಯೋಲಿನ ಸ್ಥಾನದಲ್ಲಿ ಮಾತ್ರ. ಐಸೊಸಯನೇಟ್ ಈಗಲೂ ಬಹುಪಾಲು ಪೆಟ್ರೋಲಿಯಂ ಮೂಲದ್ದೇ ಆಗಿದ್ದು, ಅದರ ತಯಾರಿಕೆಗೆ ಫಾಸ್ಜೀನ್ ಎಂಬ ವಿಷಾನಿಲ ಬೇಕಾಗುತ್ತದೆ.

ಹರಳೆಣ್ಣೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಕೊಬ್ಬಿನಾಮ್ಲಗಳಲ್ಲಿ ನೂರಕ್ಕೆ 85ರಿಂದ 90ರಷ್ಟಿರುವ ರಿಸಿನೋಲಿಕ್ ಆಮ್ಲದಲ್ಲಿ ಹೈಡ್ರಾಕ್ಸಿಲ್ ಗುಂಪು ಸಹಜವಾಗಿಯೇ ಇರುವುದರಿಂದ ಹರಳೆಣ್ಣೆ ಹುಟ್ಟಿನಿಂದಲೇ ಪಾಲಿಯೋಲ್. ಲೆಕ್ಕದ ಪ್ರಕಾರ ಸುಮಾರು 350 ಗ್ರಾಂ ಹರಳೆಣ್ಣೆಯೊಡನೆ ಪೂರ್ಣವಾಗಿ ಕೂಡಲು ಸುಮಾರು 135 ಗ್ರಾಂ ಐಸೊಸಯನೇಟ್ ಸಾಕು. ಆದರೆ ಉಬ್ಬಿಸಲೆಂದು 18 ಗ್ರಾಂ ನೀರು ಸೇರಿಸಿದರೆ ಆ ನೀರೊಂದೇ ಇನ್ನೂ 270 ಗ್ರಾಂ ಐಸೊಸಯನೇಟನ್ನು ಬೇಡುತ್ತದೆ. ಹೀಗೆ ಒಟ್ಟು 405 ಗ್ರಾಂ ಆಗಿ, ಎಣ್ಣೆಗಿಂತ ಪೆಟ್ರೋಲಿಯಂ ಪಾಲೇ ಹೆಚ್ಚಾಗುತ್ತದೆ. ಫೋಮ್ ಹಗುರವಾದಷ್ಟೂ ಅದರೊಳಗಿನ ಗಿಡದ ಪಾಲು ಕುಗ್ಗಬಹುದೆಂಬ ಈ ಸರಳ ಲೆಕ್ಕ ಜಾಹೀರಾತುಗಳಲ್ಲಿ ಕಾಣಿಸಿಕೊಳ್ಳುವುದಿಲ್ಲ. ಫೋರ್ಡ್ ಕಂಪನಿ 2008ರ ಮಾದರಿಯ ಮಸ್ಟಾಂಗ್ ಕಾರಿನ ಸೀಟುಗಳಲ್ಲಿ ಸೋಯಾ ಎಣ್ಣೆಯ ಫೋಮ್ ಬಳಸಿದಾಗಲೂ ಸೋಯಾ ಹಿಡಿದದ್ದು ಪಾಲಿಯೋಲಿನ ಒಂದು ಅಂಶವನ್ನು ಮಾತ್ರ.

ಸೋಯಾ, ಹೊಂಗೆಯಂಥ ಎಣ್ಣೆಗಳಲ್ಲಿ ಹೈಡ್ರಾಕ್ಸಿಲ್ ಗುಂಪಿಲ್ಲ. ಅವುಗಳ ದ್ವಿಬಂಧಗಳಿಗೆ ಹೈಡ್ರೋಜನ್ ಪೆರಾಕ್ಸೈಡಿನ ನೆರವಿನಿಂದ ಆಮ್ಲಜನಕವನ್ನು ಸೇರಿಸಿ, ಹಾಗೆ ಉಂಟಾದ ಉಂಗುರವನ್ನು ಮತ್ತೆ ತೆರೆದು ಪಾಲಿಯೋಲ್ ಮಾಡಬೇಕು. ಕಹಿಯಿಂದಾಗಿ ಅಡುಗೆಗೆ ಸಲ್ಲದ, ಹೊಲದ ಬದುವಿನಲ್ಲೂ ಹಳ್ಳದ ದಂಡೆಯಲ್ಲೂ ಬೆಳೆಯುವ ಹೊಂಗೆಯ ಬಳಕೆ ಇಲ್ಲಿ ಸೋಯಾಕ್ಕಿಂತ ಹೆಚ್ಚು ನ್ಯಾಯಯುತ.

ಕರ್ನಾಟಕದ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿಯಾದ ಮಾದರಿ ಗೇರು ಸಿಪ್ಪೆಯ ಎಣ್ಣೆ. ಗೇರುಬೀಜದ ಗಡಸು ಸಿಪ್ಪೆಯೊಳಗಿನ ಈ ಕಪ್ಪು, ಸುಡುವ ದ್ರವವನ್ನು ಕರಾವಳಿಯವರು ಮರದ ದೋಣಿಗಳಿಗೆ ಬಳಿಯುತ್ತಿದ್ದರು. ಅದರ ಮುಖ್ಯ ಅಂಶವಾದ ಅನಕಾರ್ಡಿಕ್ ಆಮ್ಲವನ್ನು ಕಾಯಿಸಿದರೆ ಇಂಗಾಲದ ಡೈಆಕ್ಸೈಡ್ ಕಳಚಿ ಕಾರ್ಡನಾಲ್ ಸಿಗುತ್ತದೆ. ಫೀನಾಲಿನ ಉಂಗುರಕ್ಕೆ 15 ಇಂಗಾಲಗಳ ಉದ್ದನೆಯ ಬಾಲ ಅಂಟಿದಂತಿರುವ ಈ ಅಣುವಿನಲ್ಲಿ ಉಂಗುರ ಬಿಗಿಯನ್ನೂ ಶಾಖ ತಾಳುವ ಗುಣವನ್ನೂ, ಬಾಲ ಬಳುಕನ್ನೂ ನೀರಿಗೊಗ್ಗದ ಗುಣವನ್ನೂ ಕೊಡುತ್ತವೆ. ಇದರಿಂದ ಗಡಸು ಫೋಮಿಗೆ ಬೇಕಾದ ಪಾಲಿಯೋಲ್ ತಯಾರಿಸುವ ವಿಧಾನಗಳಿವೆ. ಕಾರ್ಡೊಲೈಟ್ ಕಂಪನಿ ಮಂಗಳೂರಿನ ವಿಶೇಷ ಆರ್ಥಿಕ ವಲಯದಲ್ಲಿ ಗೇರು ಸಿಪ್ಪೆ ಎಣ್ಣೆಯನ್ನು ಆಧರಿಸಿದ ರಾಸಾಯನಿಕಗಳ ಘಟಕವನ್ನು ನಡೆಸುತ್ತಿದೆ. ಹೊಸದಾಗಿ ಭೂಮಿಯನ್ನಾಗಲಿ ಆಹಾರವನ್ನಾಗಲಿ ಕಸಿಯದೆ, ತಿರುಳು ತೆಗೆದ ಮೇಲೆ ಉಳಿದದ್ದನ್ನು ಬಳಸುವುದು ಈ ಮಾರ್ಗದ ದೊಡ್ಡ ಬಲ. ದೋಷಗಳೂ ಇವೆ: ಪಾಲಿಯೋಲಿನ ಒಂದು ಪ್ರಚಲಿತ ವಿಧಾನಕ್ಕೆ ಫಾರ್ಮಾಲ್ಡಿಹೈಡ್ ಬೇಕು; ಬೀಜದ ಗಣನೀಯ ಭಾಗ ಆಫ್ರಿಕದಿಂದ ಹಡಗೇರಿ ಬರುತ್ತದೆ; ಗೇರುಬೀಜ ಕಾರ್ಖಾನೆಗಳಲ್ಲಿ ಸಿಪ್ಪೆ ಒಡೆಯುವ ಹೆಂಗಸರ ಕೈಬೆರಳುಗಳನ್ನು ಸುಟ್ಟದ್ದೂ ಇದೇ ಎಣ್ಣೆ. ಆ ಕೈಗಳ ರಕ್ಷಣೆಯ ಖರ್ಚನ್ನು ಎಣ್ಣೆಯ ಬೆಲೆಯಲ್ಲಿ ಸೇರಿಸದ ಉದ್ಯಮವನ್ನು ಹಸಿರು ಎಂದು ಕರೆಯುವುದು ಸಲ್ಲದು.

ಕಾಳಿ ಜಲವಿದ್ಯುತ್ ಯೋಜನೆಯ ನಾಗಝರಿ ವಿದ್ಯುದಾಗಾರದ ನೌಕರರ ನೆಲೆಯಾಗಿ ಬೆಳೆದ ಅಂಬಿಕಾನಗರ, ಪಕ್ಕದ ದಾಂಡೇಲಿ, ಜೋಯಿಡಾಗಳ ಕಾಡಿನಲ್ಲಿಯೂ ಬೀಜಕ್ಕೆ ಕೊರತೆಯಿಲ್ಲ. ಹಾಗಾದರೆ ಅರಣ್ಯದ ಬೀಜಗಳೂ ಕಚ್ಚಾವಸ್ತುವಾಗಬಾರದೇಕೆ ಎಂಬ ವಾದ ಸುಲಭವಾಗಿ ಹುಟ್ಟುತ್ತದೆ. ಈ ವಾದವನ್ನು ಒಪ್ಪಲಾಗದು; ಕಾಡಿನ ಸಂಪತ್ತು ಬತ್ತದೆಂಬ ನಂಬಿಕೆ ಇಲ್ಲಿ ಹಿಂದೆಯೂ ಹುಸಿಯಾಗಿದೆ. ದಾಂಡೇಲಿಯ ಕಾಗದದ ಕಾರ್ಖಾನೆ 1950ರ ದಶಕದಲ್ಲಿ ಆರಂಭವಾದಾಗ ಅದರ ಕಚ್ಚಾವಸ್ತುವಾದ ಬಿದಿರು ಬತ್ತದ ಸಂಪತ್ತೆಂದು ಭಾವಿಸಲಾಗಿತ್ತು. 1970ರ ದಶಕದಲ್ಲಿ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ, ಮೆಳೆಯ ಬುಡದ ಮುಳ್ಳನ್ನು ಸವರಿದ ಕಡೆ ಕಳಲೆ ದನಗಳ ಮತ್ತು ಕಾಡುಪ್ರಾಣಿಗಳ ಬಾಯಿಗೆ ಬಿದ್ದು ಹೊಸ ಬಿದಿರು ಏಳುವುದಿಲ್ಲವೆಂಬ ಹಳ್ಳಿಗರ ತಿಳಿವಳಿಕೆ ಸರಿಯೆಂದು ತೋರಿಸಿತು. ಮುಂದೆ ಉಪ್ಪಾಗೆ ಎಂಬ ಕಾಡುಮರದ ಹಣ್ಣಿನ ಸಿಪ್ಪೆಗೆ ಹೊರದೇಶದ ಬೇಡಿಕೆ ಬಂದಾಗ ಕಾಯಿಗಾಗಿ ಕೊಂಬೆಗಳನ್ನೇ ಕಡಿದದ್ದೂ, ಸಿಪ್ಪೆ ಒಣಗಿಸಲು ಕಾಡಿನ ಸೌದೆ ಸುಟ್ಟದ್ದೂ ದಾಂಡೇಲಿ, ಜೋಯಿಡಾಗಳಿರುವ ಇದೇ ಜಿಲ್ಲೆಯಲ್ಲಿ. ರಸಾಯನಶಾಸ್ತ್ರವೂ ಈ ವಾದದ ಪರವಾಗಿಲ್ಲ: ಕಾಡಿನ ಮುರುಗಲು ಬೀಜದಿಂದ ತೆಗೆಯುವ ತುಪ್ಪದಲ್ಲಿ ದ್ವಿಬಂಧವೇ ಇಲ್ಲದ ಸ್ಟಿಯರಿಕ್ ಆಮ್ಲ ಅರ್ಧಕ್ಕೂ ಹೆಚ್ಚಾಗಿದ್ದು, ಪಾಲಿಯೋಲ್ ಮಾಡಲು ಅಲ್ಲಿ ಹೆಚ್ಚು ಹಿಡಿತ ಸಿಗುವುದಿಲ್ಲ. ಅದು ಅಡುಗೆಮನೆಯಲ್ಲೂ ಒಡೆದ ಹಿಮ್ಮಡಿಯ ಮದ್ದಿನಲ್ಲೂ ಉಳಿಯುವುದೇ ಸರಿ.

ಸಸ್ಯದೆಣ್ಣೆಯ ಫೋಮ್ ಮಣ್ಣಿನಲ್ಲಿ ಬೇಗ ಕರಗುತ್ತದೆಂಬ ನಂಬಿಕೆಯೂ ತಪ್ಪು. ಅಡ್ಡಬಂಧಗಳಿಂದ ಬಿಗಿದ ಈ ಜಾಲವನ್ನು ಕರಗಿಸಿ ಮತ್ತೆ ಎರಕ ಹೊಯ್ಯಲು ಬರುವುದಿಲ್ಲ. ಹೊತ್ತಿಕೊಂಡರೆ ಅದೂ ಇಂಗಾಲದ ಮಾನಾಕ್ಸೈಡನ್ನೂ ಹೈಡ್ರೋಜನ್ ಸಯನೈಡನ್ನೂ ಉಗುಳುತ್ತದೆ. ಐಸೊಸಯನೇಟೇ ಬೇಡದ ದಾರಿ, ಅಂದರೆ ಎಣ್ಣೆಯ ಅಣುವಿಗೆ ಇಂಗಾಲದ ಡೈಆಕ್ಸೈಡ್ ಸೇರಿಸಿ ಬಳಿಕ ಅಮೈನಿನೊಡನೆ ಕೂಡಿಸುವ ವಿಧಾನ, ತತ್ತ್ವದಲ್ಲಿ ಹೆಚ್ಚು ಶುದ್ಧವಾದರೂ ಆ ಕ್ರಿಯೆ ನಿಧಾನ, ಉಬ್ಬಿಸುವುದೂ ಕಷ್ಟ.

ಸದ್ಯಕ್ಕೆ ಗೇರು ಸಿಪ್ಪೆ, ಹರಳು ಮತ್ತು ಬದುವಿನ ಹೊಂಗೆಯ ಮಾರ್ಗಗಳು ಬೆಂಬಲಕ್ಕೆ ಯೋಗ್ಯ. ಕಾಡಿನ ಬೀಜದ ಮಾರ್ಗ ಯೋಗ್ಯವಲ್ಲ. ಸಸ್ಯಮೂಲದ್ದೆಂದು ಮಾರುವ ಪ್ರತಿ ಹಾಸಿಗೆ, ಪ್ರತಿ ಫಲಕದ ಮೇಲೆ ಗಿಡದ ಪಾಲು ತೂಕದಲ್ಲಿ ನೂರಕ್ಕೆ ಎಷ್ಟು, ಆ ಎಣ್ಣೆ ಯಾವುದರದು ಎಂಬುದನ್ನು ತಯಾರಕರು ಅಚ್ಚು ಹಾಕಬೇಕು, ಕೊಳ್ಳುವವರು ಅದನ್ನು ಕೇಳಿ ಪಡೆಯಬೇಕು.