ಆಂಗ್ಲ ವಾಕ್ಯದಲ್ಲಿ ಕರ್ಮವೂ ವಿಧೇಯವೂ

ಇಂಗ್ಲಿಷ್ ವ್ಯಾಕರಣವನ್ನು ಕನ್ನಡದ ಮೂಲಕ ಬೋಧಿಸುವಾಗ, ಕ್ರಿಯಾಪದದ ಮುಂದೆ ಬರುವ ನಾಮಪದವನ್ನೆಲ್ಲ ಕರ್ಮವೆಂದು ಕರೆಯುವ ವಾಡಿಕೆಯನ್ನು ಹಲವೆಡೆ ಕಂಡಿದ್ದೇನೆ. ‘ಹಿ ಬಿಕೇಮ್ ಎ ಜಡ್ಜ್’ ಎಂಬಲ್ಲಿ ‘ಜಡ್ಜ್’ ಶಬ್ದವು ಕರ್ಮವಲ್ಲವೆಂದು ಬರೆದು ಅಂಕಗಳನ್ನು ಕಳೆದುಕೊಂಡ ವಿದ್ಯಾರ್ಥಿಯೊಬ್ಬನು ಒಮ್ಮೆ ನನ್ನ ಬಳಿಗೆ ಬಂದಿದ್ದನು. ಆ ಹುಡುಗನ ಪಕ್ಷವೇ ಸಾಧುವೆಂಬುದನ್ನು ಇಲ್ಲಿ ನಿರೂಪಿಸುವೆನು.

‘ಹಿ ಮೆಟ್ ಎ ಜಡ್ಜ್’ ಎಂಬ ವಾಕ್ಯದಲ್ಲಿ ಕಂಡವನೊಬ್ಬನು, ಕಾಣಲ್ಪಟ್ಟವನು ಮತ್ತೊಬ್ಬನು. ಮೊದಲಿನ ವಾಕ್ಯದಲ್ಲಾದರೋ ಇರುವವನು ಒಬ್ಬನೇ. ಬೇರೆ ಬೇರೆ ನಿಮಿತ್ತಗಳಿಂದ ಪ್ರವರ್ತಿಸುವ ಎರಡು ಶಬ್ದಗಳು ಒಂದೇ ವಸ್ತುವನ್ನು ಹೇಳುವುದಕ್ಕೆ ನಮ್ಮ ಶಾಸ್ತ್ರಕಾರರು ಸಾಮಾನಾಧಿಕರಣ್ಯವೆಂದು ಹೆಸರಿಟ್ಟಿರುವರು. ‘ಹಿ’ ಉದ್ದೇಶ್ಯವು, ‘ಜಡ್ಜ್’ ವಿಧೇಯವು. ಕನ್ನಡವೂ ಈ ಭೇದಕ್ಕೆ ಸಾಕ್ಷಿಯಾಗಿದೆ: ‘ನ್ಯಾಯಾಧೀಶನನ್ನು ಕಂಡನು’ ಎಂಬಲ್ಲಿ ದ್ವಿತೀಯೆಯುಂಟು, ‘ನ್ಯಾಯಾಧೀಶನಾದನು’ ಎಂಬಲ್ಲಿ ಅದಕ್ಕೆ ಅವಕಾಶವೇ ಇಲ್ಲ.

ಇಂತಹ ಪದವನ್ನು ಇಂಗ್ಲಿಷಿನವರು ‘ಕಾಂಪ್ಲಿಮೆಂಟ್’ ಎನ್ನುವರು. ನಾವು ಪೂರಕವೆಂದು ಅನುವದಿಸಿಕೊಂಡಿದ್ದೇವೆ. ‘ಅವನು ವೈದ್ಯ’ ಎಂಬ ಕನ್ನಡ ವಾಕ್ಯದಲ್ಲಿ ಕ್ರಿಯಾಪದವೇ ಕೇಳಿಬರುವುದಿಲ್ಲ. ಇಲ್ಲದುದನ್ನು ಪೂರೈಸುವುದೆಂತು? ಅಂತಹ ಎಡೆಯಲ್ಲಿ ‘ಅಸ್ತಿ’ ಎಂಬುದನ್ನು ತಿಳಿದುಕೊಳ್ಳಬೇಕೆಂದು ವಾರ್ತಿಕಕಾರನಾದ ಕಾತ್ಯಾಯನನು ಹೇಳಿರುವನಲ್ಲಾ ಎಂದರೆ, ಒಪ್ಪುವೆವು. ಇಂಗ್ಲಿಷಿನ ‘ಬಿಕೇಮ್’ ಮೊದಲಾದವು ಮತ್ತೊಂದು ಪದವನ್ನು ಅಪೇಕ್ಷಿಸುವುದೂ ದಿಟ. ಆದರೆ ಪೂರಕವೆಂಬ ಹೆಸರು ಆ ಅಪೇಕ್ಷೆಯನ್ನು ಮಾತ್ರ ತಿಳಿಸುವುದಲ್ಲದೆ, ಹೇಳಬೇಕಾದ ಸಂಗತಿಯು ಆ ಪದದಲ್ಲಿಯೇ ಇದೆಯೆಂಬುದನ್ನು ತಿಳಿಸಲಾರದು. 2002ರಲ್ಲಿ ಹಡಲ್‌ಸ್ಟನ್ ಮತ್ತು ಪುಲಮ್ ಎಂಬ ವಿದ್ವಾಂಸರು ಪ್ರಕಟಿಸಿದ ಕೇಂಬ್ರಿಜ್ ವ್ಯಾಕರಣದಲ್ಲಿ ಇದಕ್ಕೆ ‘ಪ್ರೆಡಿಕೇಟಿವ್ ಕಾಂಪ್ಲಿಮೆಂಟ್’ ಎಂಬ ಹೆಸರಿದೆ. ನಾವೂ ‘ವಿಧೇಯಪೂರಕ’ವೆಂದರೆ ಎರಡು ಅಂಶಗಳೂ ಉಳಿಯುವುವು.

ನಾಮಪದದಲ್ಲಿ ನೆರವಾದ ಕನ್ನಡವು ಗುಣವಾಚಕದಲ್ಲಿ ದಾರಿ ತಪ್ಪಿಸುವುದು. ‘ಹಾಡು ಇಂಪಾಗಿದೆ’, ‘ಅವಳು ಇಂಪಾಗಿ ಹಾಡಿದಳು’ ಎಂಬ ಎರಡೆಡೆಯಲ್ಲಿಯೂ ನಮಗೆ ‘ಆಗಿ’ ಎಂಬುದೊಂದೇ ರೂಪ. ಆದುದರಿಂದಲೇ ನಮ್ಮ ವಿದ್ಯಾರ್ಥಿಗಳು ‘ದಿ ಸಾಂಗ್ ಸೌಂಡ್ಸ್ ಸ್ವೀಟ್ಲಿ’ ಎಂದು ಬರೆಯುವರು. ಇಲ್ಲಿ ಇಂಪು ಹಾಡಿನ ಗುಣವೇ ಹೊರತು ಕ್ರಿಯೆಯ ರೀತಿಯಲ್ಲ. ‘ಸ್ವೀಟ್’ ಎಂಬುದೇ ಸಾಧು. ‘ಷಿ ಸಾಂಗ್ ಸ್ವೀಟ್ಲಿ’ ಎಂಬಲ್ಲಿ ಮಾತ್ರ ಕ್ರಿಯಾವಿಶೇಷಣವು ಸಲ್ಲುವುದು.

ಒಂದೇ ಧಾತುವು ಎರಡು ಬಗೆಯಾಗಿಯೂ ವರ್ತಿಸಬಹುದು. ‘ದಿ ಡಾಕ್ಟರ್ ಫೆಲ್ಟ್ ದಿ ಪಲ್ಸ್’ ಎಂಬಲ್ಲಿ ನಾಡಿಯು ಕರ್ಮ. ‘ದಿ ಪೇಷೆಂಟ್ ಫೆಲ್ಟ್ ವೀಕ್’ ಎಂಬಲ್ಲಿ ‘ವೀಕ್’ ವಿಧೇಯ. ಕ್ರಿಯಾಪದದ ಸ್ಥಾನದಲ್ಲಿ ‘ವಾಸ್’ ಎಂಬುದನ್ನಿಟ್ಟು ನೋಡಿದರೆ ರೋಗಿಯು ದುರ್ಬಲನಾಗಿದ್ದನೆಂಬ ಅರ್ಥವು ನಿಲ್ಲುವುದು. ವೈದ್ಯನೇ ನಾಡಿಯಾಗಿದ್ದನೆಂಬುದು ನಗೆಗೀಡಾಗುವುದು. ತರಗತಿಯಲ್ಲಿ ಈ ಪರೀಕ್ಷೆಯೊಂದೇ ಬಹುಮಟ್ಟಿಗೆ ಸಾಕು.

ಇನ್ನು ಸರ್ವನಾಮದ ವಿವಾದ. ‘ಇಟ್ ಈಸ್ ಐ’ ಎಂದೇ ಹೇಳತಕ್ಕದ್ದೆಂದು ರಾಬರ್ಟ್ ಲೋತ್ 1762ರ ತನ್ನ ವ್ಯಾಕರಣದಲ್ಲಿ ವಿಧಿಸಿದನು. ಇದು ಲ್ಯಾಟಿನ್ ರೀತಿಗೆ ಅನುಗುಣವಾದುದು. ಅವನ ಸಮಕಾಲೀನನಾದ ಜೋಸೆಫ್ ಪ್ರೀಸ್ಟ್ಲಿಯು ಶಿಷ್ಟಪ್ರಯೋಗವನ್ನು ಆಧಾರವಾಗಿಟ್ಟುಕೊಂಡು ‘ಇಟ್ ಈಸ್ ಮಿ’ ಎಂಬುದರ ಪರವಾಗಿ ನಿಂತನು. ಲೋಕದ ಮಾತು ಪ್ರೀಸ್ಟ್ಲಿಯ ಪಕ್ಷವನ್ನೇ ಹಿಡಿದಿದೆ. ಆದರೆ ‘ಮಿ’ ಎಂಬ ರೂಪವನ್ನು ಕಂಡು ಅದನ್ನು ಕರ್ಮವೆನ್ನಲಾಗದು. ರೂಪವು ಬದಲಾದ ಮಾತ್ರಕ್ಕೆ ಸಾಮಾನಾಧಿಕರಣ್ಯವು ಅಳಿಯದು. ಸಂಸ್ಕೃತದಲ್ಲಿಯೂ ‘ವೇದಾಃ ಪ್ರಮಾಣಮ್’ ಎಂಬಲ್ಲಿ ಲಿಂಗವಚನಗಳು ಭಿನ್ನವಾಗಿದ್ದರೂ ಅನ್ವಯವು ಕೆಡುವುದಿಲ್ಲವಷ್ಟೆ.

ಆದಕಾರಣ ಪದದ ಸ್ಥಾನವನ್ನಾಗಲಿ ರೂಪವನ್ನಾಗಲಿ ನೋಡಿ ಕರ್ಮವೆಂದು ನಿರ್ಣಯಿಸದೆ, ಅರ್ಥವನ್ನು ವಿಚಾರಿಸಿದ ಬಳಿಕ ಹೆಸರಿಡುವುದು ಯುಕ್ತ. ಸರಿಯಾಗಿ ಆಲೋಚಿಸಿದ ಬಾಲಕನ ಉತ್ತರವನ್ನು ತಪ್ಪೆಂದು ಗೀಚುವ ದೋಷಕ್ಕೆ ಬೋಧಕರಾದ ನಾವು ಒಳಗಾಗಬಾರದು.