ಕಥೆ ದಾಟಿ ಬಂದ ಕಲಿಗಳು

ಹನುಮಂತ ತ್ರೇತಾಯುಗದವನು, ಅರ್ಜುನ ದ್ವಾಪರದವನು. ಇಬ್ಬರಿಗೂ ಜಗಳ ಹತ್ತುವುದೆಲ್ಲಿಂದ ಬಂತು? 'ಶರಸೇತು ಬಂಧನ' ಎಂಬ ಯಕ್ಷಗಾನ ಪ್ರಸಂಗ ಕಟ್ಟಿದವರಿಗೆ ಈ ಲೆಕ್ಕ ತೊಡಕಾಗಲಿಲ್ಲ. ರಾಮ ಅಷ್ಟು ದೊಡ್ಡ ಬಿಲ್ಲುಗಾರನಾಗಿದ್ದರೆ ಕಪಿಗಳ ಕೈಲಿ ಕಲ್ಲು ಹೊರಿಸಿದ್ದೇಕೆ, ಬಾಣದಲ್ಲೇ ಸೇತುವೆ ಕಟ್ಟಬಹುದಿತ್ತಲ್ಲ ಎಂದು ಅರ್ಜುನ ಬೀಗುತ್ತಾನೆ. ಅಲ್ಲೇ ಇದ್ದ ಮುದಿ ಕಪಿ 'ಕಟ್ಟು, ನೋಡೋಣ' ಎನ್ನುತ್ತದೆ. ಸೇತುವೆ ಮುರಿಯುತ್ತದೆ, ಗಾಂಡೀವಿಯ ಮೋರೆ ಬಾಡುತ್ತದೆ, ಕೊನೆಗೆ ಕೃಷ್ಣ ಬಂದು ಬಿಡಿಸಬೇಕಾಗುತ್ತದೆ. ಎರಡು ಕಥೆಗಳ ಇಬ್ಬರು ವೀರರನ್ನು ಒಂದೇ ಕಣದಲ್ಲಿ ನಿಲ್ಲಿಸಿ 'ಯಾರು ಹೆಚ್ಚು?' ಎಂದು ಕೇಳುವ ಚಪಲ ಜಪಾನಿನ ವಿಡಿಯೋ ಗೇಮ್ ಕಂಪನಿಗಳಿಗೆ ಅಂಟಿದ್ದು 1990ರ ದಶಕದಲ್ಲಿ. ನಮ್ಮ ಚೌಕಿಗಳಲ್ಲಿ ಅದು ಹಳೆಯ ಸರಕು.

ಕ್ರಾಸ್‌ಓವರ್ ಫೈಟಿಂಗ್ ಗೇಮ್ ಎಂದು ಕರೆಯುವ ಆ ಬಗೆಯ ಆಟಗಳನ್ನೂ ನಮ್ಮ ಕಾಳಗಗಳನ್ನೂ ಒಂದೇ ಒರೆಗಲ್ಲಿಗೆ ತಿಕ್ಕಿ ನೋಡಬೇಕೆಂಬುದು ನನ್ನ ಹಟ. ಕೇಳಬೇಕಾದ ಪ್ರಶ್ನೆಗಳು ಎರಡೇ. ಇವರು ಹೊಡೆದಾಡುವುದು ಯಾತಕ್ಕೆ? ಪರರ ಕಥೆಯೊಳಕ್ಕೆ ಬಂದ ಮೇಲೂ ಪಾತ್ರ ತನ್ನತನ ಉಳಿಸಿಕೊಳ್ಳುತ್ತದೆಯೆ? ಮೊದಲನೆಯ ಪ್ರಶ್ನೆಯಲ್ಲಿ ನಮ್ಮವರು ಗೆಲ್ಲುತ್ತಾರೆ, ಎರಡನೆಯದರಲ್ಲಿ ಜಪಾನಿನವರು. ಈ ತೀರ್ಪು ಎರಡು ಕಡೆಯ ಅಭಿಮಾನಿಗಳಿಗೂ ರುಚಿಸಲಾರದು.

ನಾನು ಮಾತಾಡುತ್ತಿರುವ ಸೀಮೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಇಲ್ಲಿ ಎರಡು ಮಹಾಕಾವ್ಯಗಳೂ ನೆರೆಹೊರೆಯವು. ಕಾವೇರಿ ಧುಮ್ಮಿಕ್ಕುವ ಚುಂಚನಕಟ್ಟೆಯಲ್ಲಿ ಕೋದಂಡರಾಮನ ಗುಡಿಯಿದೆ, ಅಲ್ಲಿ ಸೀತೆ ರಾಮನ ಬಲಕ್ಕೆ ನಿಂತಿದ್ದಾಳೆ. ಕಬಿನಿಯ ಕಡೆಗೆ ಹೋದರೆ ಭೀಮನ ಹೆಸರು ಹೊತ್ತ ಭೀಮನಕೊಲ್ಲಿ. ಸುಗ್ಗಿ ಮುಗಿದು, ಹೊಗೆಸೊಪ್ಪಿನ ದುಡ್ಡು ಕೈಗೆ ಬಂದು, ಊರಹಬ್ಬಗಳು ಶುರುವಾದವೆಂದರೆ ಪೌರಾಣಿಕ ನಾಟಕದ ಕಾಲ. ತಿಂಗಳುಗಟ್ಟಲೆ ಪ್ರಾಕ್ಟೀಸು ಮಾಡಿಸಿದ ಹಾರ್ಮೋನಿಯಂ ಮೇಷ್ಟ್ರು, ಬಾಡಿಗೆಗೆ ಬಂದ ಸೀನರಿ, ನೋಟಿನ ಹಾರ, ನಡುರಾತ್ರಿಯ 'ಒನ್ಸ್ ಮೋರ್'. ಹೆಚ್ಚಾಗಿ ಆಡುವುದು 'ಕುರುಕ್ಷೇತ್ರ'. ಇಲ್ಲಿ ಕಥೆಗಿಂತ ಪಾತ್ರಗಳ ಸಾಲು ಮುಖ್ಯ. ಕೃಷ್ಣ ಬರಬೇಕು, ಹಾಡಬೇಕು, ದುರ್ಯೋಧನ ಬರಬೇಕು, ಅವನಿಗಿಂತ ಜೋರಾಗಿ ಹಾಡಬೇಕು, ಕರ್ಣ ಅಳಿಸಬೇಕು, ಭೀಮ ತೊಡೆ ತಟ್ಟಬೇಕು. ಯಾರ ಬಾಯಲ್ಲಿ ಯಾವ ಮಟ್ಟು ಬರುತ್ತದೆಂದು ಪ್ರೇಕ್ಷಕರಿಗೆ ಮೊದಲೇ ಗೊತ್ತು.

ವಿಡಿಯೋ ಗೇಮಿನಲ್ಲಿ ಈ ಸಾಲನ್ನು ಕಟ್ಟಿದ ಮೊದಲ ದೊಡ್ಡ ಹೆಸರು ಎಸ್‌ಎನ್‌ಕೆ ಕಂಪನಿಯದು. 1994ರ 'ದಿ ಕಿಂಗ್ ಆಫ್ ಫೈಟರ್ಸ್' ತನ್ನದೇ ಕಂಪನಿಯ 'ಫೇಟಲ್ ಫ್ಯೂರಿ', 'ಆರ್ಟ್ ಆಫ್ ಫೈಟಿಂಗ್', 'ಇಕಾರಿ ವಾರಿಯರ್ಸ್', 'ಸೈಕೋ ಸೋಲ್ಜರ್' ಆಟಗಳ ಪಾತ್ರಗಳನ್ನು ಮೂವರು ಮೂವರ ತಂಡಗಳಾಗಿ ಇಳಿಸಿತು. ಕ್ಯಾಪ್‌ಕಾಮ್ ಅದಕ್ಕಿಂತ ದೂರ ಹೋಗಿ, ಅಮೆರಿಕದ ಮಾರ್ವೆಲ್ ಕಾಮಿಕ್ಸ್ ಜೊತೆ ಕೈಜೋಡಿಸಿ 1996ರಲ್ಲಿ 'ಎಕ್ಸ್-ಮೆನ್ ವರ್ಸಸ್ ಸ್ಟ್ರೀಟ್ ಫೈಟರ್' ತಂದಿತು, 1998ರಲ್ಲಿ 'ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್'. ಅದೇ 1996ರಲ್ಲಿ ಸೆಗಾದ 'ಫೈಟರ್ಸ್ ಮೆಗಾಮಿಕ್ಸ್' ರೇಸಿಂಗ್ ಆಟದ ಕಾರೊಂದನ್ನು ಹಿಂಗಾಲಲ್ಲಿ ನಿಲ್ಲಿಸಿ ಮಲ್ಲರ ಜೊತೆ ಗುದ್ದಾಡಿಸಿತು. ನಗು ಬರುತ್ತದೆ, ನಗಬೇಕಾದದ್ದೇ.

ಇವರೆಲ್ಲ ಹೊಡೆದಾಡುವುದೇಕೆ? ಬಹುಪಾಲು ಆಟಗಳಲ್ಲಿ ಕಾರಣ ಬರೀ ನೆಪ. ಯಾರೋ ಖಳ ಎದ್ದ, ಲೋಕಗಳು ಡಿಕ್ಕಿ ಹೊಡೆದವು, ಯಾರೋ ಪಂದ್ಯಕ್ಕೆ ಓಲೆ ಕಳಿಸಿದ. 'ಸ್ಟ್ರೀಟ್ ಫೈಟರ್'ನ ರಿಯೂ 'ಎಕ್ಸ್-ಮೆನ್'ನ ವೊಲ್ವರಿನ್‌ನ ಮುಖಕ್ಕೆ ಗುದ್ದುವಾಗ ಅವನಿಗೇನೂ ನಷ್ಟವಿಲ್ಲ, ನಮಗೂ ಇಲ್ಲ. 'ಕಿಂಗ್ ಆಫ್ ಫೈಟರ್ಸ್' ಮಾತ್ರ ಬೇಗ ಎಚ್ಚೆತ್ತಿತು. ಕ್ಯೋ ಕುಸನಾಗಿ ಎಂಬ ಹೊಸ ನಾಯಕನನ್ನು ಹುಟ್ಟಿಸಿ, 1995ರಲ್ಲಿ ಅವನ ಎದುರಿಗೆ ಇಯೋರಿ ಯಾಗಮಿಯನ್ನು ತಂದು, ಎರಡು ಮನೆತನಗಳ ಹಳೆಯ ಹಗೆಯನ್ನು 1997ರ ತನಕ ಎಳೆದು ಒಂದು ಕಥೆ ಮಾಡಿತು. ಹಳೆಯ ಆಟಗಳ ನೆಂಟರನ್ನು ಕೂಡಿಸಲೆಂದು ಹಾಕಿದ ಚಪ್ಪರದಲ್ಲಿ ಅದು ಹೊಸ ಸಂಸಾರವನ್ನೇ ಹೂಡಿತು. ಎಸ್‌ಎನ್‌ಕೆಯ ಈ ಸಾಧನೆಗೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ.

ನಮ್ಮ ಕಾಳಗಗಳ ಕಡೆ ಬನ್ನಿ. 'ಕೃಷ್ಣಾರ್ಜುನ ಕಾಳಗ'ದಲ್ಲಿ ಆಕಾಶದಲ್ಲಿ ಹೋಗುತ್ತಿದ್ದ ಗಯನೆಂಬ ಗಂಧರ್ವ ಉಗಿದದ್ದು ಅರ್ಘ್ಯ ಕೊಡುತ್ತಿದ್ದ ಕೃಷ್ಣನ ಬೊಗಸೆಗೆ ಬೀಳುತ್ತದೆ. ಕೃಷ್ಣ ತಲೆ ತೆಗೆಯುವ ಶಪಥ ಮಾಡುತ್ತಾನೆ. ಗಯ ವಿಷಯ ಮುಚ್ಚಿಟ್ಟು ಅರ್ಜುನನಿಂದ ಅಭಯ ಪಡೆಯುತ್ತಾನೆ. ಈಗ ಕೃಷ್ಣ ಹಿಂದೆಗೆದರೆ ಶಪಥ ಮುರಿಯಿತು, ಅರ್ಜುನ ಹಿಂದೆಗೆದರೆ ಅಭಯ ಮುರಿಯಿತು. ಪ್ರಾಣಸ್ನೇಹಿತರು ಮುಖಾಮುಖಿಯಾಗುವುದಕ್ಕೆ ಇದಕ್ಕಿಂತ ಗಟ್ಟಿಯಾದ ಗಂಟು ಯಾವ ಗೇಮಿನಲ್ಲೂ ನನಗೆ ಕಂಡಿಲ್ಲ. ಶ್ಯಮಂತಕ ಮಣಿಗಾಗಿ ರಾಮಾಯಣದ ಜಾಂಬವಂತ ಕೃಷ್ಣನೊಡನೆ ಗುಹೆಯಲ್ಲಿ ಸೆಣಸುವುದೂ (ಭಾಗವತದ ಲೆಕ್ಕದಲ್ಲಿ 28 ದಿನ) ಇಂಥದ್ದೇ ಸೊಗಸಿನದು. ತನ್ನ ದೇವರನ್ನೇ ಗುದ್ದುತ್ತಿದ್ದೇನೆಂದು ಆ ಮುದುಕನಿಗೆ ಗೊತ್ತಾಗುವುದು ಮೈ ಸೋತ ಮೇಲೆ.

ಹೊಗಳಿಕೆ ಇಲ್ಲಿಗೆ ಸಾಕು. ಈ ಪರಂಪರೆಗೆ ಒಂದು ಅಚ್ಚು ಸಿಕ್ಕಿತು, ಅದನ್ನು ಸವೆಯುವ ತನಕ ಬಳಸಿತು. ಒಬ್ಬ ಶಪಥ ಮಾಡುತ್ತಾನೆ, ಇನ್ನೊಬ್ಬ ಅಭಯ ಕೊಡುತ್ತಾನೆ, ಲೋಕ ನಡುಗುತ್ತದೆ, ದೇವರು ಪ್ರತ್ಯಕ್ಷನಾಗಿ ಕೈ ಹಿಡಿದು ನಿಲ್ಲಿಸುತ್ತಾನೆ. ರಾಮನಿಗೂ ಆಂಜನೇಯನಿಗೂ ಯುದ್ಧ ಹೂಡುವ ಕಥೆಯ ಎಲುಬುಗೂಡು ಗಯನ ಕಥೆಯದೇ. 1963ರಲ್ಲಿ ಅದು 'ಶ್ರೀ ರಾಮಾಂಜನೇಯ ಯುದ್ಧ' ಎಂದು ಕನ್ನಡ ಸಿನಿಮಾವೂ ಆಯಿತು. ಇಬ್ಬರಲ್ಲಿ ಯಾರೂ ಸೋಲಬಾರದೆಂಬ ಭಕ್ತಿ ಕಾಳಗವನ್ನು ಮೊದಲೇ ಕಟ್ಟಿಹಾಕಿರುತ್ತದೆ. ಸೋಲುವ ಭಯವೇ ಇಲ್ಲದ ಹೋರಾಟದಲ್ಲಿ ನೋಡುವುದೇನಿದೆ? ಹಾಡು ಕೇಳಬಹುದು, ಅಷ್ಟೆ.

ಇದನ್ನು ಮುರಿದದ್ದು ಜೈಮಿನಿ ಭಾರತದ ಕಥೆಗಳು. ಲಕ್ಷ್ಮೀಶನ ಕಾವ್ಯದಲ್ಲಿ ಅಶ್ವಮೇಧದ ಕುದುರೆ ಊರೂರು ಸುತ್ತುತ್ತದೆ, ಪ್ರತಿ ಊರಲ್ಲೂ ಅರ್ಜುನನಿಗೆ ಹೊಸ ಎದುರಾಳಿ: ಸುಧನ್ವ, ಬಬ್ರುವಾಹನ, ತಾಮ್ರಧ್ವಜ, ವೀರವರ್ಮ. ಗೇಮಿನ ಭಾಷೆಯಲ್ಲಿ ಹೇಳುವುದಾದರೆ ಒಂದೊಂದು ಊರೂ ಒಂದೊಂದು ಸ್ಟೇಜು. ಇಲ್ಲಿ ಸಾವು ನಿಜ. ಸುಧನ್ವ ಕೃಷ್ಣಭಕ್ತನಾದರೂ ತಲೆ ಉರುಳುತ್ತದೆ. ಅರ್ಜುನ ಮಗ ಬಬ್ರುವಾಹನನ ಬಾಣಕ್ಕೆ ಸಾಯುತ್ತಾನೆ. ಮಣಿ ತಂದು ಬದುಕಿಸುವ ಮಾತು ಆಮೇಲಿನದು. ಅಪ್ಪ–ಮಗನ ಈ ಯುದ್ಧಕ್ಕೆ ಮೇಲ್ಪಂಕ್ತಿಯಾಗಿ ಕವಿ ರಾಮ ಮತ್ತು ಕುಶಲವರ ಕಥೆಯನ್ನೇ ಭಾರತದೊಳಕ್ಕೆ ತಂದು ಕೂರಿಸುತ್ತಾನೆ. ಕಥೆ ಬೆರೆಸುವ ವಿದ್ಯೆಯಲ್ಲಿ ಕನ್ನಡ ಏರಿದ ಎತ್ತರ ಇದು.

ಬಬ್ರುವಾಹನನ ಕಥೆಯನ್ನು 1977ರಲ್ಲಿ ಬೆಳ್ಳಿತೆರೆಗೆ ತಂದವರು ಇದೇ ಸೀಮೆಯ ಹುಣಸೂರು ಕೃಷ್ಣಮೂರ್ತಿ. ನಾಟಕ ಕಂಪನಿಗಳಲ್ಲಿ ಪಳಗಿ ಸಿನಿಮಾಕ್ಕೆ ಬಂದವರು, 'ಸತ್ಯ ಹರಿಶ್ಚಂದ್ರ' ಮಾಡಿದವರು. ಅರ್ಜುನನೂ ರಾಜ್‌ಕುಮಾರ್, ಬಬ್ರುವಾಹನನೂ ರಾಜ್‌ಕುಮಾರ್. ಫೈಟಿಂಗ್ ಗೇಮ್ ಆಡುವವರಿಗೆ ಇದು ಚೆನ್ನಾಗಿ ಗೊತ್ತಿರುವ ಸನ್ನಿವೇಶ: ಇಬ್ಬರೂ ಒಂದೇ ಪಾತ್ರ ಆರಿಸಿಕೊಂಡರೆ ಯಂತ್ರ ಒಬ್ಬನ ಬಟ್ಟೆಯ ಬಣ್ಣ ಬದಲಿಸಿ ಬಿಟ್ಟುಬಿಡುತ್ತದೆ. ಹುಣಸೂರರು ಬಟ್ಟೆಗೆ ತೃಪ್ತರಾಗಲಿಲ್ಲ. ಯುದ್ಧಕ್ಕೆ ಮುಂಚಿನ ಸವಾಲು–ಜವಾಬಿನ ಹಾಡಿನಲ್ಲಿ ಒಂದು ದನಿ ರಾಜ್‌ಕುಮಾರರದು, ಇನ್ನೊಂದು ಪಿ.ಬಿ. ಶ್ರೀನಿವಾಸರದು. ಒಂದೇ ಮುಖ, ಎರಡು ಕಂಠ, ಎರಡು ಅಹಂಕಾರ. ಬಾಣ ಬಿಡುವ ದೃಶ್ಯಗಳು ಇವತ್ತಿನ ಕಣ್ಣಿಗೆ ಪೇಲವ. ಆ ಹಾಡು ಈಗಲೂ ಆರ್ಕೆಸ್ಟ್ರಾಗಳಲ್ಲಿ ಶಿಳ್ಳೆ ಹೊಡೆಸುತ್ತದೆ.

ನಮ್ಮ ಪರಂಪರೆಯ ಬಲವೂ ದೌರ್ಬಲ್ಯವೂ ಇಲ್ಲೇ ಇದೆ. ನಾವು ಕಾಳಗವನ್ನು ಬಾಯಲ್ಲಿ ಮುಗಿಸುತ್ತೇವೆ. ತಾಳಮದ್ದಳೆಯಲ್ಲಂತೂ ಕೈ ಎತ್ತುವಂತೆಯೇ ಇಲ್ಲ, ಅರ್ಥ ಹೇಳಿಯೇ ಗೆಲ್ಲಬೇಕು. ಕರಾವಳಿಯ ಯಕ್ಷಗಾನದಲ್ಲಿ ಯುದ್ಧಕ್ಕೆಂದೇ ಕುಣಿತವಿದೆ, ಸರಿ. ನಮ್ಮ ಕಡೆಯ 'ಕುರುಕ್ಷೇತ್ರ'ದಲ್ಲಿ ಗದಾಯುದ್ಧದ ಹೊತ್ತಿಗೆ ಬೆಳಗಾಗುತ್ತಿರುತ್ತದೆ. ನಾಲ್ಕು ಸಲ ಗದೆ ತಾಗಿಸಿ, ದುರ್ಯೋಧನ ಹುಷಾರಾಗಿ ಕಿರೀಟ ಹಿಡಿದುಕೊಂಡು ಬೀಳುತ್ತಾನೆ. ಭೀಮ ಹೊಡೆಯುವ ರೀತಿಗೂ ದುರ್ಯೋಧನ ಹೊಡೆಯುವ ರೀತಿಗೂ ವ್ಯತ್ಯಾಸವಿರಬೇಕಲ್ಲವೆ? ಗದೆಯಲ್ಲಿ ದುರ್ಯೋಧನ ಚಳಕದವನು, ಭೀಮ ಬಲದವನು; ಮಹಾಭಾರತ ಸ್ಪಷ್ಟವಾಗಿ ಹೇಳಿರುವುದನ್ನು ರಂಗ ತೋರಿಸುವುದಿಲ್ಲ.

ಗೇಮುಗಳ ಹಿರಿಮೆ ಈ ಜಾಗದಲ್ಲಿದೆ. 1991ರ 'ಸ್ಟ್ರೀಟ್ ಫೈಟರ್ 2'ರಲ್ಲಿ ರಿಯೂವಿನ ಬೆಂಕಿಚೆಂಡು ಬಿಡಲು ಕೋಲನ್ನು ಕೆಳಗಿನಿಂದ ಮುಂದಕ್ಕೆ ಕಾಲುವೃತ್ತ ತಿರುಗಿಸಿ ಗುಂಡಿ ಒತ್ತಬೇಕಿತ್ತು. ಹತ್ತು ವರ್ಷ ಬಿಟ್ಟು ಬಂದ 'ಕ್ಯಾಪ್‌ಕಾಮ್ ವರ್ಸಸ್ ಎಸ್‌ಎನ್‌ಕೆ 2'ರಲ್ಲೂ ಅದೇ ಕಾಲುವೃತ್ತ. ಎದುರಿಗೆ ಯಾವ ಕಂಪನಿಯ ಪಾತ್ರ ನಿಂತಿದ್ದರೂ ಬೆರಳಿಗೆ ಕಲಿತದ್ದು ಮರೆಯುವುದಿಲ್ಲ. ಪಾತ್ರ ತನ್ನ ಮನೆಯ ಕಟ್ಟಳೆಯನ್ನು ಜೊತೆಗೇ ಹೊತ್ತು ತಂದಿದೆ.

ಇದನ್ನು ತುದಿ ಮುಟ್ಟಿಸಿದ್ದು ನಿಂಟೆಂಡೊದ 'ಸೂಪರ್ ಸ್ಮ್ಯಾಶ್ ಬ್ರದರ್ಸ್'. ಮಸಾಹಿರೊ ಸಕುರಾಯಿ ಕಟ್ಟಿದ ಈ ಆಟ 1999ರ ಜನವರಿಯಲ್ಲಿ ಜಪಾನಿನಲ್ಲಿ ಬಂದಾಗ ಇದ್ದದ್ದು 12 ಪಾತ್ರ. ಅದರ ಆರಂಭದಲ್ಲಿ ಒಂದು ಕೈ ಬರುತ್ತದೆ, ಡಬ್ಬದಿಂದ ಗೊಂಬೆಗಳನ್ನು ತೆಗೆದು ಮೇಜಿನ ಮೇಲೆ ನಿಲ್ಲಿಸುತ್ತದೆ, ಗೊಂಬೆಗಳಿಗೆ ಜೀವ ಬರುತ್ತದೆ. ಹೊಡೆದಾಟ ಯಾತಕ್ಕೆ ಎಂಬ ಪ್ರಶ್ನೆಗೆ ಇಡೀ ಜಾತಿಯಲ್ಲೇ ಪ್ರಾಮಾಣಿಕವಾದ ಉತ್ತರ ಇದು: ಮಗು ಆಡುತ್ತಿದೆ, ಅದಕ್ಕೆ. ಇಲ್ಲಿ ಪ್ರಾಣದ ಪಟ್ಟಿ ಕರಗುವುದಿಲ್ಲ. ಪೆಟ್ಟು ಬಿದ್ದಷ್ಟೂ ಶೇಕಡಾವಾರು ಏರುತ್ತದೆ, ಏರಿದಷ್ಟೂ ದೂರಕ್ಕೆ ಚಿಮ್ಮುತ್ತೀರಿ, ಕಣದಾಚೆ ಬಿದ್ದರೆ ಸೋತಿರಿ. ಲಿಂಕ್ ತನ್ನ ಬಾಂಬು, ಬೂಮರಾಂಗ್ ತರುತ್ತಾನೆ. ಕರ್ಬಿ ಎದುರಾಳಿಯನ್ನು ನುಂಗಿ ಅವನ ವಿದ್ಯೆ ಕದಿಯುತ್ತಾನೆ. 2018ರ 'ಅಲ್ಟಿಮೇಟ್' ಹಿಂದಿನ ಎಲ್ಲ ಪಾತ್ರಗಳನ್ನೂ ವಾಪಸ್ ಕರೆಸಿ, 2021ರ ಅಕ್ಟೋಬರ್‌ನಲ್ಲಿ ಸೋರಾ ಎಂಬ ಪಾತ್ರವನ್ನು ಸೇರಿಸಿ 89ಕ್ಕೆ ಮುಗಿಸಿತು. ಬೆರಕೆ ಕಾಳಗದ ಆಟಗಳಲ್ಲಿ ನನ್ನ ಮಟ್ಟಿಗೆ ಇದೇ ಮೊದಲನೆಯದು. ಎರಡನೆಯದು ಬಹಳ ಹಿಂದಿದೆ.

ಸಾಲು ಉದ್ದವಾದರೆ ಕಷ್ಟವೂ ಉದ್ದ. 2000ದ 'ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 2'ರಲ್ಲಿ 56 ಪಾತ್ರಗಳಿದ್ದವು. ಗೆಲ್ಲಲೆಂದೇ ಪಂದ್ಯಗಳಿಗೆ ಬಂದವರು ಮತ್ತೆ ಮತ್ತೆ ಆರಿಸಿಕೊಂಡದ್ದು ಮ್ಯಾಗ್ನೆಟೋ, ಸ್ಟಾರ್ಮ್, ಸೆಂಟಿನೆಲ್, ಕೇಬಲ್. ಉಳಿದವರು ನಮ್ಮ ನಾಟಕದ ನಕುಲ–ಸಹದೇವರಂತೆ ನಿಂತಿರುತ್ತಿದ್ದರು. ನಕುಲನ ಪಾರ್ಟಿಗೆ ಊರಲ್ಲಿ ಯಾರೂ ಜಗಳವಾಡುವುದಿಲ್ಲ. ದುರ್ಯೋಧನನ ಪಾರ್ಟಿಗೆ ಹೊಡೆದಾಟವೇ ಆದೀತು. ಏಕೆಂದರೆ ಇಲ್ಲಿ ಪಾರ್ಟಿಗೆ ದುಡ್ಡು ಕಟ್ಟಬೇಕು. ಹಾಡು, ಮಾತು, ಮೆರೆದಾಟ ಹೆಚ್ಚಿದಷ್ಟೂ ಪಾತ್ರ ದುಬಾರಿ. ಸೀನರಿಗೂ ಮೇಷ್ಟ್ರಿಗೂ ಆ ಹಣವೇ ಆಧಾರ, ನಿಜ. ಆದರೆ ಕಂಠವಿರುವವನು ಹಿಂದೆ ಸರಿದು ಕಿಸೆಯಿರುವವನು ಕಿರೀಟ ತೊಡುವುದನ್ನು ಎಷ್ಟು ಊರು ನೋಡಿಲ್ಲ! 2012ರ 'ಸ್ಟ್ರೀಟ್ ಫೈಟರ್ ಎಕ್ಸ್ ಟೆಕ್ಕನ್' ಆಟದಲ್ಲಿ ಕ್ಯಾಪ್‌ಕಾಮ್ ಮಾಡಿದ್ದು ಇನ್ನೂ ಕೆಟ್ಟದ್ದು. 12 ಪಾತ್ರಗಳನ್ನು ಜನ ಕೊಂಡ ಡಿಸ್ಕಿನಲ್ಲೇ ತುಂಬಿ, ಬೀಗ ಹಾಕಿ, ಕೀಲಿಕೈಗೆ ಬೇರೆ ದುಡ್ಡು ಕೇಳಿತು. ಅಭಿಮಾನಿಗಳು ಸುಮ್ಮನಿರಲಿಲ್ಲ. ನಮ್ಮ ಊರಲ್ಲಿ ದುಡ್ಡು ಕೊಟ್ಟವನು ಆಡುತ್ತಾನೆ, ಊರೆಲ್ಲ ಬಿಟ್ಟಿ ನೋಡುತ್ತದೆ, ಅಷ್ಟಾದರೂ ಮರ್ಯಾದೆಯಿದೆ.

ಪರವಾನಗಿಯ ಕಾಟ ಬೇರೆ. ಬ್ಯಾಟ್‌ಮ್ಯಾನ್, ಬಗ್ಸ್ ಬನ್ನಿ, ಆರ್ಯಾ ಸ್ಟಾರ್ಕ್‌ರನ್ನು ಒಟ್ಟಿಗೆ ತಂದ ವಾರ್ನರ್ ಕಂಪನಿಯ 'ಮಲ್ಟಿವರ್ಸಸ್' 2024ರಲ್ಲಿ ಮರುಹುಟ್ಟು ಪಡೆದು 2025ರ ಮೇ ತಿಂಗಳಲ್ಲಿ ಸರ್ವರ್ ಮುಚ್ಚಿತು. ಜಪಾನಿ ಕಾಮಿಕ್ ವೀರರ 'ಜಂಪ್ ಫೋರ್ಸ್' 2019ರಲ್ಲಿ ಬಂದು 2022ರಲ್ಲಿ ಮಾರಾಟದಿಂದಲೇ ಮರೆಯಾಯಿತು. ಕುಶಲವರನ್ನು ಭಾರತದೊಳಕ್ಕೆ ಕರೆತರಲು ಲಕ್ಷ್ಮೀಶ ಯಾವ ಕಂಪನಿಗೂ ಅರ್ಜಿ ಹಾಕಬೇಕಿರಲಿಲ್ಲ. ಪಾತ್ರಗಳು ಎಲ್ಲರ ಸೊತ್ತಾಗಿದ್ದುದರಿಂದಲೇ ನಮ್ಮ ಕಾಳಗಗಳು ಇಷ್ಟು ಕಾಲ ಬಾಳಿವೆ.

ಆ ಹಕ್ಕನ್ನು ಈಗ ನಾವೇ ಬಿಟ್ಟುಕೊಡುತ್ತಿದ್ದೇವೆ. 2009ರಲ್ಲಿ ಹೈದರಾಬಾದಿನ ಕಂಪನಿಯೊಂದು 'ಹನುಮಾನ್: ಬಾಯ್ ವಾರಿಯರ್' ಎಂಬ ಪ್ಲೇಸ್ಟೇಷನ್ ಆಟ ತಂದಾಗ, ದೇವರನ್ನು ಗುಂಡಿ ಒತ್ತಿ ಕುಣಿಸುವುದು ಅಪಚಾರವೆಂದು ಅಮೆರಿಕದಲ್ಲಿ ಕೂತು ಹಿಂದೂ ಮುಖಂಡ ರಾಜನ್ ಝೆಡ್ ಆಕ್ಷೇಪಿಸಿದರು. ಆಟ ಕಳಪೆಯಾಗಿತ್ತು, ಅದು ಬೇರೆ ದೂರು. ಹನುಮನನ್ನು ಅರ್ಜುನನ ಮೇಲೆ ಬಿಟ್ಟು, ರಾಮನ ಮೇಲೂ ಬಿಟ್ಟು, ರಾತ್ರಿಯಿಡೀ ಕುಣಿಸಿ, ಬೆಳಿಗ್ಗೆ ಮಂಗಳ ಹಾಡಿ ಮನೆಗೆ ಹೋದವರು ನಮ್ಮ ಹಿರಿಯರು. ಅವರ ಭಕ್ತಿಗೆ ಅದರಿಂದ ಕುಂದೇನೂ ಬರಲಿಲ್ಲ. ದೇವರುಗಳನ್ನು ಕೆಡವಿ ನಗಿಸಲೆಂದೇ ಮಾಡಿದ ತೈವಾನಿನ 'ಫೈಟ್ ಆಫ್ ಗಾಡ್ಸ್' (2017) ಬೇರೆ ಮಾತು. ಮಲೇಷ್ಯಾ ಅದನ್ನು ತಡೆಯಿತು. ನನ್ನನ್ನು ಕೇಳಿದರೆ, ಅದರ ತಪ್ಪು ದೇವರನ್ನು ಆಡಿಸಿದ್ದರಲ್ಲಿಲ್ಲ. ಆಡಿಸಲು ಒಂದು ಕಾರಣವನ್ನೂ ಹುಡುಕದೆ ಹೋದದ್ದರಲ್ಲಿದೆ.

ಕನ್ನಡದ ಕಾಳಗವೊಂದನ್ನು ಗೇಮ್ ಮಾಡಲು ಹೊರಡುವ ಮೈಸೂರು–ಬೆಂಗಳೂರಿನ ಹುಡುಗ ಹುಡುಗಿಯರೇ, ಹಿಂದಿಯ ಟಿವಿ ರಾಮಾಯಣದ ಕಿರೀಟಗಳನ್ನು ನೋಡಿ ಚಿತ್ರ ಬರೆಯಬೇಡಿ. ಬೇಸಿಗೆಯಲ್ಲಿ ಹುಣಸೂರಿನ ಕಡೆಗೋ ಕೆ.ಆರ್. ನಗರದ ಕಡೆಗೋ ಬಂದು ಒಂದು ರಾತ್ರಿ ನಾಟಕ ನೋಡಿ, ಹಾರ್ಮೋನಿಯಂ ಮೇಷ್ಟ್ರ ಪಕ್ಕ ಕೂತು ಯಾವ ಪಾತ್ರಕ್ಕೆ ಯಾವ ಮಟ್ಟು ಎಂದು ಕೇಳಿ ತಿಳಿಯಿರಿ. ಗಯನಿಂದ ಶುರುಮಾಡಿ, ಬಬ್ರುವಾಹನನ ತನಕ ಬನ್ನಿ. ಸೋಲುವವರನ್ನು ಸೋಲಲು ಬಿಡಿ. ನಕುಲನನ್ನೂ ಯಾರಾದರೂ ಆಸೆಪಟ್ಟು ಆರಿಸಿಕೊಳ್ಳುವಂತೆ ಮಾಡಿ, ದುರ್ಯೋಧನನಿಗೆ ಬೀಗ ಹಾಕಿ ಮಾರಬೇಡಿ.