ಮೊದಲು ನೀರನ್ನು ವಿಚಾರಿಸಿ

ಹಳೆಯ ಮೋಟಾರ್ ಬೋಟಿನ ತಳದಲ್ಲಿ ನೀರು ಕಂಡರೆ ಸಾಕು, ಸಿಲಿಕೋನ್ ಟ್ಯೂಬ್ ಹಿಡಿದು ಬಗ್ಗುವವರೇ ಹೆಚ್ಚು. ಒಳಗಿನಿಂದ ಮೆತ್ತಿದ ಆ ಅಂಟು ನಿಲ್ಲುವುದೂ ಇಲ್ಲ, ಮುಂದಿನ ಸರಿಯಾದ ದುರಸ್ತಿಗೆ ಬಿಡುವುದೂ ಇಲ್ಲ.

ಮೊದಲು ಬೆರಳದ್ದಿ ನಾಲಿಗೆಗೆ ಮುಟ್ಟಿಸಿ. ಉಪ್ಪಾದರೆ ಹೊರಗಿನದು, ಸಪ್ಪೆಯಾದರೆ ಬಹುಪಾಲು ಡೆಕ್ಕಿನ ಬಿರುಕಿನಿಂದಲೋ ಕಿಟಕಿಯ ರಬ್ಬರಿನಿಂದಲೋ ಇಳಿದ ಮಳೆನೀರು. (ಹಸಿರೋ ಕೆಂಪೋ ಬಣ್ಣವಿದ್ದರೆ ನೆಕ್ಕಬೇಡಿ, ಕೂಲೆಂಟ್ ವಿಷ.) ಮಳೆಗಾಲದಲ್ಲಿ ಮಾತ್ರ ಈ ಪರೀಕ್ಷೆ ಕೈಕೊಡುತ್ತದೆ. ಮಳೆ ಜೋರಾದರೆ ಸ್ವರ್ಣಾದಂಥ ಹೊಳೆಗಳು ಅಳಿವೆಯ ಹತ್ತಿರವೂ ಸಪ್ಪೆಯಾಗಿಯೇ ಹರಿಯುತ್ತವೆ.

ಆಮೇಲೆ ತಳ ಒರೆಸಿ ಒಣಗಿಸಿ, ನೀರು ಯಾವಾಗ ಬರುತ್ತದೆಂದು ಕಾಯಿರಿ. ಎಂಜಿನ್ ಚಾಲೂ ಆದಾಗಷ್ಟೇ ಬಂದರೆ ಕೂಲಿಂಗ್ ಪಂಪಿನ ಸೀಲು, ಸೈಲೆನ್ಸರ್ ಪೈಪಿನ ಎಲ್ಬೋ ನೋಡಿ. ಕಟ್ಟಿ ಹಾಕಿದಲ್ಲೇ ಬಂದರೆ ತಳದ ವಾಲ್ವು, ಚುಕ್ಕಾಣಿಯ ದಂಡ, ಶಾಫ್ಟ್ ಹೊರಹೋಗುವಲ್ಲಿ ನೀರು ತಡೆಯುವ ಗ್ಲ್ಯಾಂಡ್. ನೀರು ನಿಂತ ಜಾಗವೇ ನುಗ್ಗಿದ ಜಾಗವಲ್ಲ; ಪಕ್ಕೆಲುಬುಗಳಗುಂಟ ಹರಿದು ತಗ್ಗಿಗೆ ಸೇರಿರುತ್ತದೆ. ಅನುಮಾನವಿದ್ದಲ್ಲಿ ಒಣಗಿಸಿ ಟಾಲ್ಕಂ ಪೌಡರ್ ಉದುರಿಸಿ. ಬಿಳಿಯ ಮೇಲೆ ಒದ್ದೆ ಗೆರೆ ಮೂಡುತ್ತದೆ, ಅದರ ತಲೆ ಹಿಡಿದು ಮೇಲಕ್ಕೆ ಹೋಗಿ.

ಗ್ಲ್ಯಾಂಡಿನ ವಿಷಯದಲ್ಲಿ ನನ್ನದು ಹಠ. ಹಳೆಯ ಮಾದರಿಯ ಗ್ಲ್ಯಾಂಡ್ ರೋಪ್ ಇರುವಲ್ಲಿ, ಶಾಫ್ಟ್ ತಿರುಗುವಾಗ ಹನಿ ತೊಟ್ಟಿಕ್ಕಲೇಬೇಕು. ಆ ನೀರೇ ರೋಪಿಗೆ ತಂಪು, ಜಾರಿಕೆ. ಪೂರ್ತಿ ನಿಲ್ಲಲೆಂದು ನಟ್ಟು ಬಿಗಿದರೆ ರೋಪು ಸುಡುತ್ತದೆ, ಶಾಫ್ಟಿನಲ್ಲಿ ಸವೆತದ ಗೆರೆ ಬೀಳುತ್ತದೆ. ಎಂಜಿನ್ ನಿಂತ ಮೇಲೆ ಗ್ಲ್ಯಾಂಡ್ ಮುಟ್ಟಿ: ಬೆಚ್ಚಗಿದ್ದರೆ ಚಿಂತೆಯಿಲ್ಲ, ಚುರುಗುಟ್ಟಿದರೆ ಸಡಿಲಿಸಿ.

ಬೇಸಿಗೆಯಲ್ಲಿ ದಡದಲ್ಲಿ ಒಣಗಿದ ಮರದ ದೋಣಿ ನೀರಿಗಿಳಿದ ಮೊದಲ ದಿನಗಳಲ್ಲಿ ಸೋರುವುದು ಸಹಜ. ಹಲಗೆ ಉಬ್ಬಿದಂತೆ ಸಂದು ತಾನೇ ಮುಚ್ಚುತ್ತದೆ. ಗಟ್ಟಿ ಪುಟ್ಟಿ ತುಂಬಿದರೆ ಉಬ್ಬಲು ಜಾಗ ಸಿಗದೆ ಹಲಗೆಗೇ ಪೆಟ್ಟು.

ನಿಜವಾಗಿ ಹೆದರಬೇಕಾದ್ದು ತಳದ ವಾಲ್ವಿಗೆ. ನೀರಿನ ಮಟ್ಟದಿಂದ ಒಂದಡಿ ಕೆಳಗಿನ ಒಂದಿಂಚು ವಾಲ್ವು ಕಿತ್ತುಬಂದರೆ ನಿಮಿಷಕ್ಕೆ 40 ಲೀಟರಿಗೂ ಹೆಚ್ಚು ನೀರು ಒಳಬರುತ್ತದೆ. ಮುಂದಿನ ಸಲ ದೋಣಿ ದಡಕ್ಕೇರಿದಾಗ ಹಿತ್ತಾಳೆಯ ವಾಲ್ವನ್ನು ಚಾಕುವಿನಿಂದ ಗೀರಿ ನೋಡಿ. ಹಳದಿಯ ಬದಲು ಗುಲಾಬಿ ಬಣ್ಣ ಕಂಡರೆ ಸತು ಕರಗಿ ಹೋಗಿದೆ ಎಂದರ್ಥ. ಅದಕ್ಕೆ ರಿಪೇರಿಯಿಲ್ಲ, ಕಿತ್ತೆಸೆದು ಕಂಚಿನದ್ದು ಹಾಕಿಸಿ.